ಆಲಮೇಲದ ಕೀಲಿ

೯ ಜನವರಿ ೧೯೬೩, ಬುಧವಾರ. ಸಿಂದಗಿ

ಇವತ್ತು ಎರಡು ನೋಟ್‌ಬುಕ್ ಕೊಂಡೆ. ಒಂದು ಸಂಗಣ್ಣನವರ ಸಹಿಗೆ. ಯಾವ ಊರಲ್ಲಿ ಯಾವ ಕೆಲಸ ಮಾಡಿದೆ, ಎಷ್ಟು ದೀಪ, ಎಷ್ಟು ಮೋಟರು ಎಂದು ಅದರಲ್ಲಿ ಬರೆದು, ವಾಯರಮನ್ ಪರೀಕ್ಷೆಯ ದಿನ ಬಿಜಾಪುರದಲ್ಲಿ ಸಾಹೇಬರ ಮುಂದೆ ಇಡಬೇಕು. ಅದನ್ನು ದುಂಡಗೆ ಬರೆಯುತ್ತೇನೆ. ಇದು ಎರಡನೆಯದು. ಇದನ್ನು ಯಾರೂ ನೋಡುವುದಿಲ್ಲ, ಅಕ್ಷರ ಹೇಗಿದ್ದರೂ ನಡೆದೀತು.

ಪರೀಕ್ಷೆ ಮೇ ೧೯ಕ್ಕೆ. ಆರು ವರ್ಷದಿಂದ ಸಂಗಣ್ಣನವರ ಹಿಂದೆ ಏಣಿ ಹೊತ್ತು ತಿರುಗಿದ್ದೇನೆ. ಅವರ ಹತ್ತಿರ ಕಂತ್ರಾಟದಾರರ ಲೈಸೆನ್ಸ್ ಇದೆ, ನನ್ನ ಹತ್ತಿರ ಏಣಿ ಇದೆ. ನಾನು ಎಳೆದ ತಂತಿಯಿಂದ ಇಂಡಿಯಲ್ಲಿ, ಮುದ್ದೇಬಿಹಾಳದಲ್ಲಿ, ಬಾಗೇವಾಡಿಯಲ್ಲಿ ದೀಪ ಉರಿಯುತ್ತವೆ. ಕಾಗದದ ಮೇಲೆ ಮಾತ್ರ ಅವೆಲ್ಲ ಸಂಗಣ್ಣನವರ ದೀಪ. ಪರ್ಮಿಟ್ ಬಂದರೆ ನನ್ನ ಕೆಲಸಕ್ಕೆ ನಾನೇ ಸಹಿ ಹಾಕುತ್ತೇನೆ. ಇಪ್ಪತ್ತೇಳು ವರ್ಷದವನನ್ನು ಯಾರೂ "ಸಂಗಣ್ಣನ ಆಳು" ಎಂದು ಕರೆಯಬಾರದು.

ಬರದಿದ್ದರೆ ಅಪ್ಪನ ಗ್ಯಾಸಬತ್ತಿ ಇದ್ದೇ ಇದೆ. ಅಪ್ಪ ದಸ್ತಗೀರಸಾಬ ಮದುವೆ ಮೆರವಣಿಗೆಗೆ ಗ್ಯಾಸಬತ್ತಿ ಬಾಡಿಗೆ ಕೊಡುವವರು. ಮನೆಯ ಪಡಸಾಲೆಯಲ್ಲಿ ಹದಿನಾಲ್ಕು ಬತ್ತಿ ಸಾಲಾಗಿ ನಿಂತಿರುತ್ತವೆ, ಸೀಮೆಎಣ್ಣೆಯ ವಾಸನೆಯಲ್ಲೇ ನಾನು ಬೆಳೆದದ್ದು. ಊರೂರಿಗೆ ಕರೆಂಟು ಬಂದರೆ ಇವೆಲ್ಲ ಗುಜರಿಗೆ ಹೋಗುತ್ತವೆ ಎಂದು ಇವತ್ತು ಹೇಳಿದೆ. ಅಪ್ಪ ತಲೆ ಎತ್ತದೆ, "ಬರಲಿ ಬಿಡು. ಮೆರವಣಿಗಿ ಏನ ಕಂಬದ ಕೆಳಗ ನಿಂದರತೈತೇನ?" ಎಂದರು. ಅಪ್ಪನ ಹತ್ತಿರ ಮಾತಿಗೆ ಬರವಿಲ್ಲ.

೧೭ ಜನವರಿ, ಗುರುವಾರ

ಆಲಮೇಲಕ್ಕೆ ಹೋಗಿ ಬಂದೆ. ಅಲ್ಲಿಯ ಅಮಸಿದ್ದ ಸಾವಕಾರರ ಹಿಟ್ಟಿನ ಗಿರಣಿಗೆ ದೀಪಾವಳಿಯಲ್ಲಿ ನಾನೇ ಮೋಟರು ಕೂಡಿಸಿದ್ದು. ಇವತ್ತು ಬೆಲ್ಟು ಬಿಗಿ ಮಾಡಲು ಹೋದರೆ, ಹಿತ್ತಿಲಲ್ಲಿ ನಾನು ಹುಗಿದ ಅರ್ಥಿಂಗ್ ಪೈಪು ದೇವರಾಗಿ ನಿಂತಿದೆ. ಮೈಗೆ ಅರಿಸಿನ, ಕುಂಕುಮ, ಮೇಲೊಂದು ಸೇವಂತಿಗೆ. ಸುತ್ತ ನೆಲವೆಲ್ಲ ರಾಡಿ.

ಪರೀಕ್ಷೆಗೆ ಬರುವ ವಿಷಯ, ಬರೆದುಕೊಳ್ಳುತ್ತೇನೆ. ಮೋಟರಿನ ಕಬ್ಬಿಣದ ಮೈಯಿಂದ ಒಂದು ತಂತಿ ಈ ಪೈಪಿಗೆ ಹೋಗುತ್ತದೆ. ಪೈಪಿನ ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ ಹುಗಿದಿರುತ್ತದೆ. ಒಳಗಿನ ತಂತಿ ಎಲ್ಲಾದರೂ ಮೋಟರಿನ ಮೈಗೆ ತಾಕಿದರೆ ಕರೆಂಟು ಪೈಪಿನ ದಾರಿ ಹಿಡಿದು ಭೂಮಿಗೆ ಇಳಿಯುತ್ತದೆ, ಆ ಭರಕ್ಕೆ ಫ್ಯೂಜು ಸುಟ್ಟು ಎಲ್ಲ ಬಂದಾಗುತ್ತದೆ. ಮುಟ್ಟಿದ ಮನುಷ್ಯ ಉಳಿಯುತ್ತಾನೆ.

ಈ ಪೂಜೆ ಶುರು ಮಾಡಿದವಳು ಸಾತವ್ವ. ಗಿರಣಿ ನಡೆಸುವ ಸೋಮನಿಂಗನ ತಾಯಿ. ದಿನಾ ಮುಂಜಾನೆ ಗಿರಣಿ ಕಸ ಹೊಡೆದು, ಪೈಪಿನ ಬಾಯಿಗೆ ಒಂದು ಕೊಡ ನೀರು ಹಾಕಿ, ಆಮೇಲೆ ಮಗನಿಗೆ ಸ್ವಿಚ್ಚು ಹಾಕಲು ಹೇಳುತ್ತಾಳಂತೆ. ಜೋಳದ ಬುಟ್ಟಿ ಹೊತ್ತು ಬಂದ ಹೆಂಗಸರೂ ಈಗ ಒಂದೊಂದು ತಂಬಿಗೆ ಹಾಕುತ್ತಾರೆ.

"ಯಾಕಬೇ ಯವ್ವಾ ಇದೆಲ್ಲ?" ಎಂದೆ.

"ನೀನ ಹೇಳಿದೆಲ್ಲೋ ತಮ್ಮಾ, ಹುಗಿಯೂ ದಿನ. ಇದು ಗಿರಣಿ ಕಾಯೂದು ಅಂತ."

ಹೇಳಿದ್ದೆ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದಳು, ಬಾಯಿ ಮುಚ್ಚಿಸಲು ಹೇಳಿದ ಮಾತು. ಉಪ್ಪು ಹಾಕಿದ್ದು, ನೀರು ಹಾಕಿದ್ದು ನೋಡಿದ್ದಾಳೆ, ಮುಂದಿನದನ್ನು ತಾನೇ ಕೂಡಿಸಿಕೊಂಡಿದ್ದಾಳೆ.

ಸಂಗಣ್ಣನವರಿಗೆ ಹೇಳಿದರೆ ನಗಲಿಲ್ಲ. "ಇನ್ಸಪೆಕ್ಟರ್ ಸಾಹೇಬ ಬ್ಯಾಸಗಿಯೊಳಗ ಗಿರಣಿ ನೋಡಾಕ ಬರ್ತಾನ. ನಿನಗ ಪರ್ಮಿಟ್ ಕೊಡಾಂವಾ ಅವನ. ಕುಂಕುಮ ಹಚ್ಚಿದ ಪೈಪ ನೋಡಿದ್ರ ಏನಂದಾನು? ಅದನ್ನ ಸ್ವಚ್ಛ ಮಾಡಿ ಬಾ" ಎಂದರು.

೨೪ ಜನವರಿ, ಗುರುವಾರ

ಸಂಜೆಗೆ ಸಾಬೀರಾ ಪ್ರಶ್ನೋತ್ತರದ ಪುಸ್ತಕ ಹಿಡಿದು ನನ್ನನ್ನು ಪರೀಕ್ಷೆ ಮಾಡುತ್ತಾಳೆ. ನನ್ನ ಹೆಂಡತಿ ನಾಲ್ಕನೆಯ ಇಯತ್ತೆ ಓದಿದವಳು, ಆದರೆ ಮಾಸ್ತರರ ಗತ್ತು ಪೂರ್ತಿ ಇದೆ. ರೊಟ್ಟಿ ಬಡಿಯುತ್ತಲೇ ಕೇಳುತ್ತಾಳೆ, ತಪ್ಪಿದರೆ ಒಂದು ರೊಟ್ಟಿ ತಡ.

ನಲವತ್ತೊಂದನೆಯ ಪ್ರಶ್ನೆ: ಪೈಪ್ ಅರ್ಥಿಂಗನ್ನು ಬೇಸಿಗೆಯಲ್ಲಿ ಹೇಗೆ ಕಾಪಾಡಬೇಕು? ಉತ್ತರ: "ಬೇಸಿಗೆಯಲ್ಲಿ ಭೂಮಿಯ ತೇವವು ಆರುವುದರಿಂದ ಪೈಪಿನ ಬಾಯಿಗೆ ಮೂರು ನಾಲ್ಕು ಬಕೆಟ್ ನೀರನ್ನು ಆಗಾಗ ತಪ್ಪದೆ ಹಾಕತಕ್ಕದ್ದು." ಒಂದು ಅಕ್ಷರ ಬಿಡದೆ ಹೇಳಿದೆ. "ತಕ್ಕದ್ದು" ಕೂಡ ಬಿಡಲಿಲ್ಲ. ಸಾಬೀರಾ ಬಿಸಿ ರೊಟ್ಟಿ ಹಾಕಿದಳು.

ಪಕ್ಕದಲ್ಲಿ ಅಪ್ಪ ಒಂದೊಂದೇ ಬತ್ತಿಯ ಎಣ್ಣೆ ಚಿಮ್ಮುವ ಸೂಜಿಕಣ್ಣಿಗೆ ಪಿನ್ನು ಹಾಕಿ ತೆಗೆಯುತ್ತಿದ್ದರು. ನಿನ್ನೆಯೂ ಅದನ್ನೇ ಮಾಡಿದ್ದರು. ಬಾಡಿಗೆಗೆ ಹೋಗದ ಬತ್ತಿಗೂ ಪಿನ್ನು ಯಾಕೆ ಎಂದರೆ ಸುಮ್ಮನೆ ನಕ್ಕರು. ಮುದುಕರಿಗೆ ಬೇರೆ ಕೆಲಸವಿಲ್ಲ.

೭ ಫೆಬ್ರವರಿ, ಗುರುವಾರ. ಆಲಮೇಲ

ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ರಂಜಾನಿನ ರೋಜಾ, ಉಪವಾಸ ಇದ್ದರೂ ಕೆಲಸ ನಿಲ್ಲಿಸಲಿಲ್ಲ.

ಪೈಪನ್ನು ಉಜ್ಜಿ ತೊಳೆದು, ಸುತ್ತ ಇಟ್ಟಿಗೆ ಕಟ್ಟಿ, ಸಿಮೆಂಟು ಗಿಲಾಯಿ ಮಾಡಿ, ಮೇಲೆ ತಗಡಿನ ಮುಚ್ಚಳ ಕೂಡಿಸಿ ಕೀಲಿ ಹಾಕಿದೆ. ಬಿಜಾಪುರದಲ್ಲೂ ಇಷ್ಟು ಚೆಂದದ್ದು ಇರಲಿಕ್ಕಿಲ್ಲ. ಕೀಲಿಕೈ ನನ್ನ ಹತ್ತಿರ. ವಾರಕ್ಕೊಮ್ಮೆ ಗುರುವಾರ ನಾನೇ ಬಂದು ನೀರು ಹಾಕುತ್ತೇನೆ. ಎಲ್ಲ ಕ್ರಮಪ್ರಕಾರ.

ಸಾತವ್ವ ಕೊಡ ಹಿಡಿದು ನಿಂತೇ ಇದ್ದಳು. "ನಾ ಎಲ್ಲಿ ಹಾಕಲಿ ಈಗ?" ಎಂದಳು. ಸಮಾಧಾನದಿಂದ ಎರಡು ಸಲ ಹೇಳಿದೆ, ಹೋಗಲಿಲ್ಲ. ಕೊನೆಗೆ ಹೆದರಿಸಬೇಕಾಯಿತು.

"ನೀರಿಗೂ ಕರೆಂಟಿಗೂ ವೈರ ಐತಿಬೇ ಯವ್ವಾ. ಇನ್ನ ಮ್ಯಾಲ ಒಂದ ಹನಿ ಹಾಕಿದ್ರೂ ಯಾರರ ಸಾಯ್ತಾರ. ನಿನ್ನ ತಲಿ ಮ್ಯಾಲ ಬರತೈತಿ."

ಕೊಡ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟು ಸಾಕಾಯಿತು. ಪುಸ್ತಕದ ಮಾತು ಇವರಿಗೆ ಹತ್ತುವುದಿಲ್ಲ, ಹೆದರಿಕೆ ಹತ್ತುತ್ತದೆ. ಸಂಗಣ್ಣನವರು ಕೇಳಿ, "ಶಾಣ್ಯಾ ಆಗಾಕತ್ತಿ" ಎಂದರು. ಆರು ವರ್ಷದಲ್ಲಿ ಮೊದಲ ಸಲ.

೧೪ ಫೆಬ್ರವರಿ, ಗುರುವಾರ

ಹೇಳಿದ ಹಾಗೆ ಹೋಗಿ ಬಂದೆ. ನಾಲ್ಕು ಬಕೆಟ್ ಹಾಕಿದೆ. ಸಾತವ್ವ ಕಿಟಕಿಯಿಂದ ನೋಡುತ್ತಿದ್ದಳು. ನಾನು ಹಾಕಬಹುದು, ತಾನು ಯಾಕೆ ಹಾಕಬಾರದು ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ.

೩ ಮಾರ್ಚ್, ಭಾನುವಾರ. ಇಂಡಿ

ಈದ್ ಮುಗಿದ ಮರುದಿನವೇ ಇಂಡಿಗೆ ಬಂದೆವು. ಅಡತಿ ವ್ಯಾಪಾರಿಯೊಬ್ಬರ ಎರಡಂತಸ್ತಿನ ಮನೆ, ಇಪ್ಪತ್ತೆರಡು ದೀಪ, ಮಣ್ಣಿನ ಮಾಳಿಗೆ. ಜಂತಿಗೆ ಮೊಳೆ ಹೊಡೆದರೆ ತಲೆ ಮೇಲೆ ಮಣ್ಣು ಸುರಿಯುತ್ತದೆ. ಆಲಮೇಲಕ್ಕೆ ಎರಡು ಗುರುವಾರ ಆಗಲಿಲ್ಲ. ಮುಂದಿನ ವಾರ.

೨೨ ಮಾರ್ಚ್, ಶುಕ್ರವಾರ

ಮೂವತ್ತು ಪ್ರಶ್ನೆಗೆ ಇಪ್ಪತ್ತೆಂಟು ಸರಿ. ಬಿಸಿಲು ಈಗಲೇ ತಾಳಲಾರದಷ್ಟು. ಆಲಮೇಲ ಈ ವಾರವೂ ಆಗಲಿಲ್ಲ. ಗಿರಣಿ ನಡೆಯುತ್ತಲೇ ಇದೆಯಲ್ಲ, ಏನಾದರೂ ಇದ್ದರೆ ಹೇಳಿ ಕಳಿಸುತ್ತಿದ್ದರು.

೧೧ ಏಪ್ರಿಲ್, ಗುರುವಾರ. ಮೋರಟಗಿ

ಬಾವಿಯ ಮೇಲೆ ಪಂಪು ಕೂಡಿಸುವ ಕೆಲಸ. ಎರೆಹೊಲ ಪೂರ್ತಿ ಬಾಯಿ ಬಿಟ್ಟಿದೆ. ಸಂಗಣ್ಣನವರ ಹೊಸ ಇಕ್ಕಳ ಕೈಜಾರಿ ಬಿರುಕಿನೊಳಗೆ ಬಿತ್ತು. ಮೊದಲು ಮೊಣಕೈತನಕ, ಆಮೇಲೆ ತೋಳಿನತನಕ ಕೈ ಹಾಕಿದರೂ ಸಿಗಲಿಲ್ಲ. ನೆಲಕ್ಕೆ ಕಿವಿಗೊಟ್ಟು ಮಲಗಿ ಕೋಲಿನಿಂದ ಕೆದಕಿದೆ, ಇನ್ನೂ ಕೆಳಗೆ ಹೋಯಿತು. ಹೊಲದವರು ಹೊಟ್ಟೆ ಹಿಡಿದು ನಕ್ಕರು. ಮಳೆ ಬಂದರೆ ಭೂಮಿ ಮತ್ತೆ ಕೂಡಿಕೊಳ್ಳುತ್ತದೆ, ಇಕ್ಕಳ ಒಳಗೇ ಉಳಿಯುತ್ತದೆ ಎಂದರು. ಬೂದಿಯಷ್ಟು ಒಣಗಿದ ಮಣ್ಣು ತೋಳಿಗೆ ಹತ್ತಿತ್ತು.

ಇಲ್ಲಿಂದ ಆಲಮೇಲಕ್ಕೆ ಹೋಗಿ ಬರಬಹುದಿತ್ತು. ಇಕ್ಕಳದ ಗದ್ದಲದಲ್ಲಿ ಬಸ್ಸು ತಪ್ಪಿತು.

೧೮ ಏಪ್ರಿಲ್, ಗುರುವಾರ

ಸೋಮನಿಂಗನನ್ನು ಮೋಟರು ಹಿಡಿಯಿತಂತೆ. ಬಸ್ಸಿನಲ್ಲಿ ಮಲಗಿಸಿಕೊಂಡು ಸಿಂದಗಿಯ ದವಾಖಾನೆಗೆ ತಂದಿದ್ದಾರೆ. ಜೀವ ಇದೆ. ಇಷ್ಟೇ ಗೊತ್ತು.

೧೯ ಏಪ್ರಿಲ್, ಶುಕ್ರವಾರ

ಎಲ್ಲವನ್ನೂ ಬರೆಯುತ್ತೇನೆ. ಬರೆಯದೆ ಕೂಡಲು ಆಗುತ್ತಿಲ್ಲ.

ಮುಂಜಾನೆ ಸಂಗಣ್ಣನವರ ಜೊತೆ ಆಲಮೇಲಕ್ಕೆ ಹೋದೆ. ಮೇನ್ ಸ್ವಿಚ್ಚು ಆರಿಸಿ ಮೋಟರಿನ ಡಬ್ಬಿ ಬಿಚ್ಚಿದೆ. ಇಲಿ ತಂತಿಯ ರಬ್ಬರನ್ನು ತಿಂದಿದೆ. ಬರಿಯ ತಾಮ್ರ ಕಬ್ಬಿಣಕ್ಕೆ ಆತುಕೊಂಡಿದೆ. ಅಂದರೆ ಮೋಟರಿನ ಮೈಯೆಲ್ಲ ಕರೆಂಟು. ಫ್ಯೂಜು ನೋಡಿದೆ. ಸುಟ್ಟಿಲ್ಲ. ಮೂರೂ ನೆಟ್ಟಗಿವೆ. ಸಂಗಣ್ಣನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕರೆಂಟು ಪೈಪಿನ ದಾರಿ ಹಿಡಿದು ಭೂಮಿಗೆ ಇಳಿದೇ ಇಲ್ಲ.

ಹಿತ್ತಿಲಿಗೆ ಹೋದೆ. ನಾನು ಕಟ್ಟಿದ ಸಿಮೆಂಟಿನ ಕಟ್ಟೆ ಚೆಂದವಾಗಿಯೇ ಇದೆ. ಅದರ ಪಕ್ಕದ ನೆಲ ಬಿರಿದು ಕಟ್ಟೆಯಿಂದ ನಾಲ್ಕು ಬೆರಳು ದೂರ ಸರಿದಿದೆ. ಕೀಲಿ ತೆಗೆಯಲಿಲ್ಲ. ಕೀಲಿಕೈ ಜೇಬಿನಲ್ಲಿತ್ತು, ಕೈ ಜೇಬಿಗೆ ಹೋಗಲಿಲ್ಲ.

ಮಧ್ಯಾಹ್ನ ದವಾಖಾನೆಗೆ ಹೋದೆ. ಸೋಮನಿಂಗನ ಬಲಗೈಗೆ ಮೊಣಕೈತನಕ ಪಟ್ಟಿ. ಕಣ್ಣು ಮುಚ್ಚಿದ್ದ. ಬೆಲ್ಟು ಜಾರಿತೆಂದು ಮೋಟರಿನ ಮೇಲೆ ಕೈ ಊರಿ ಬಗ್ಗಿದನಂತೆ, ಬರಿಗಾಲು. ಜೋಳ ಹಾಕಲು ಬಂದ ಹೆಂಗಸೊಬ್ಬಳು ಒನಕೆಯಿಂದ ಹೊಡೆದು ಬಿಡಿಸಿದಳು. ಇಲ್ಲದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಮೂರು ದಿನ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿದ್ದಾರೆ.

ಸಾತವ್ವ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕುಳಿತಿದ್ದಳು. ನನ್ನನ್ನು ನೋಡಿ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ಬೇಕಾಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು, "ನೀ ಹೇಳಿದ್ದೆಲ್ಲೋ ತಮ್ಮಾ" ಎಂದಳು.

೨೧ ಏಪ್ರಿಲ್, ಭಾನುವಾರ

ಸೋಮನಿಂಗ ಕಣ್ಣು ಬಿಟ್ಟಿದ್ದಾನೆ. ನೀರು ಕೇಳಿದನಂತೆ.

ಸಂಗಣ್ಣನವರು ಮನೆಗೆ ಕರೆಸಿದರು. ಇನ್ಸ್‌ಪೆಕ್ಟರ್ ಸಾಹೇಬರು ಇಪ್ಪತ್ತೊಂಬತ್ತಕ್ಕೆ ತನಿಖೆಗೆ ಬರುತ್ತಾರೆ. ಒಂದು ಕಾಗದ ತಯಾರಾಗಿತ್ತು. ಅದರಲ್ಲಿ ಬರೆದದ್ದು ಇಷ್ಟು: ಗಿರಣಿಯ ಹೆಂಗಸರು, ಅದರಲ್ಲೂ ಸಾತವ್ವ, ದಿನಾ ನೀರು ಸುರಿದು ಗೋಡೆ ಮತ್ತು ನೆಲ ತೋಯಿಸುತ್ತಿದ್ದರು. ಅನೇಕ ಸಲ ತಾಕೀತು ಮಾಡಿದರೂ ಕೇಳಲಿಲ್ಲ. ಆ ತೇವದಿಂದ ಅಪಘಾತ ಆಯಿತು. ಕೆಳಗೆ ಕೆಲಸ ಮಾಡಿದವನ ಸಹಿಗೆ ಜಾಗ, ಅಂದರೆ ನನ್ನ ಸಹಿಗೆ.

"ಫೆಬ್ರುವರಿ ಮ್ಯಾಲ ಆಕಿ ನೀರ ಹಾಕಿಲ್ರಿ" ಎಂದೆ.

"ಹಾಕತಿದ್ಲು ಅನ್ನೂದು ಇಡೀ ಊರಿಗೆ ಗೊತ್ತೈತಿ. ಯಾವಾಗ ಬಿಟ್ಟಾಳ ಅನ್ನೂದು ಯಾರಿಗಿ ಗೊತ್ತೈತಿ? ನೀರಿಂದ ಶಾಕ್ ಹೊಡೀತು ಅಂದ್ರ ಸಣ್ಣ ಕೂಸೂ ನಂಬತೈತಿ." ಆಮೇಲೆ ದನಿ ಇಳಿಸಿದರು. "ಇಸಾಕಾ, ನನ್ನ ಲೈಸನ್ಸ್ ಹೋದ್ರ ಎಂಟ ಮಂದಿ ಮನಿ ಒಲಿ ಆರತಾವ. ನಿನ್ನ ಪರ್ಮಿಟ್ಟೂ ಅಲ್ಲಿಗೆ ಮುಗೀತು. ಆಕಿನ್ನ ಯಾರೂ ಜೇಲಿಗಿ ಹಾಕೂದಿಲ್ಲ. ಮುದುಕಿಗಿ ಏನ ಗೊತ್ತಾಗತೈತಿ ಅಂತ ಬಿಟ್ಟ ಬಿಡ್ತಾರ."

ಕಾಗದ ತಂದಿದ್ದೇನೆ. ಸಹಿ ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳಿಲ್ಲ.

೨೨ ಏಪ್ರಿಲ್

ಓದಿಲ್ಲ.

೨೪ ಏಪ್ರಿಲ್, ಬುಧವಾರ

ಪರೀಕ್ಷೆಗೆ ಇಪ್ಪತ್ತೈದು ದಿನ. ಸಾಬೀರಾ ತಾನಾಗಿಯೇ ಪುಸ್ತಕ ತೆಗೆದು ಕುಳಿತಳು. ಬೇಡ ಎಂದೆ, ಕೇಳಲಿಲ್ಲ. ಮೂವತ್ತೊಂಬತ್ತು, ನಲವತ್ತು ಕೇಳಿದಳು, ಹೇಳಿದೆ. ನಲವತ್ತೊಂದು ಕೇಳಿದಳು. ನಾನು ಎದ್ದು ಕೊಡದಿಂದ ನೀರು ಬಗ್ಗಿಸಿಕೊಂಡೆ. ಮರೆತೆನೆಂದು ತಿಳಿದು ತಾನೇ ಉತ್ತರ ಓದಿದಳು. "ಬೇಸಿಗೆಯಲ್ಲಿ ಭೂಮಿಯ ತೇವವು ಆರುವುದರಿಂದ..." ಅಲ್ಲಿಗೆ ನಿಲ್ಲಿಸಿದಳು. ಪುಸ್ತಕ ಮುಚ್ಚಿ, ಗೂಟಕ್ಕೆ ಹಾಕಿದ ನನ್ನ ಅಂಗಿಯ ಕಡೆ ನೋಡಿದಳು. ಅಂಗಿ ಒಗೆಯುವಾಗ ಜೇಬಿನ ಕೀಲಿಕೈ ತೆಗೆದು ಗೋಡೆಯ ಮಾಡದಲ್ಲಿ ಇಟ್ಟು, ಒಣಗಿದ ಮೇಲೆ ಮತ್ತೆ ಜೇಬಿಗೆ ಹಾಕುತ್ತಿದ್ದವಳು ಅವಳೇ.

"ಯಾವಾಗ ಹೋಗಿದ್ರಿ ಕಡೀಕ?"

"ಫೆಬ್ರುವರಿ ಹದಿನಾಕಕ್ಕ."

ಸಾಬೀರಾ ಬೆರಳು ಎಣಿಸಲಿಲ್ಲ. ಎದ್ದು ರೊಟ್ಟಿ ಹಾಕಿದಳು. ತಪ್ಪಿದರೆ ರೊಟ್ಟಿ ತಡ ಎಂಬ ಆಟ ಇವತ್ತು ಆಡಲಿಲ್ಲ.

ಅಪ್ಪ ಕೇಳಿಸಿಕೊಂಡಿರಬೇಕು. ಬತ್ತಿ ಒರೆಸುತ್ತಾ ಯಾರಿಗೂ ಅಲ್ಲದ ಹಾಗೆ ಮಾತಾಡಿದರು. ನಾನು ಹುಟ್ಟುವ ಮೊದಲು ಬಾಗೇವಾಡಿಯ ಒಂದು ಮದುವೆಯಲ್ಲಿ ಅಪ್ಪನ ಬತ್ತಿಯೊಂದು ಭಗ್ಗನೆ ಹೊತ್ತಿಕೊಂಡಿತ್ತಂತೆ. ಹೊತ್ತವಳು ಲಕ್ಕವ್ವ. ಆಗೆಲ್ಲ ಹೆಂಗಸರೇ ಬತ್ತಿಯನ್ನು ತಲೆ ಮೇಲೆ ಹೊರುತ್ತಿದ್ದರು. "ಸೂಜಿಕಣ್ಣ ಕಟ್ಟಿತ್ತು, ಪಿನ್ನ ಹಾಕಿ ನೋಡಿದ್ದಿಲ್ಲ ನಾ. ಎಲ್ಲಾರೂ ಕೇಳಿದ್ರು. ಆಕಿ ಎಡವಿದ್ಲು ಅಂದ್ನಿ. ಹೌದ ಅಂತ ನಂಬಿದ್ರು. ಮತ್ತ ಯಾರೂ ಆಕಿನ್ನ ಬತ್ತಿ ಹೊರಾಕ ಕರೀಲಿಲ್ಲ."

"ಈಗ ಎಲ್ಲಿದ್ದಾಳ?" ಎಂದೆ.

"ಸತ್ಲು. ಹೇಳೂದು ಉಳೀತು." ಮುಂದಿನ ಬತ್ತಿ ಎಳೆದುಕೊಂಡು ಪಿನ್ನು ಹಾಕಿದರು.

೨೭ ಏಪ್ರಿಲ್, ಶನಿವಾರ

ನಾನು ಇವತ್ತು ಮಾಡಲು ಹೋದದ್ದನ್ನು ಇಲ್ಲಿ ಕೂಡ ಬರೆಯಲು ನಾಚಿಕೆ.

ಸಾಹೇಬರು ಬರಲು ಎರಡು ದಿನ. ಈಗ ನೀರು ಹಾಕಿಬಿಟ್ಟರೆ ಸೋಮವಾರ ಪೈಪು ಸರಿ ಇದ್ದಂತೆ ತೋರುತ್ತದೆ. ಆಗ ಕಾಗದವೂ ಬೇಡ, ನಾನೂ ತಪ್ಪಿಲ್ಲ, ಸಂಗಣ್ಣನವರೂ ತಪ್ಪಿಲ್ಲ. ಎಲ್ಲ ಇಲಿಯ ತಲೆಗೆ ಹೋಗುತ್ತದೆ. ಇಲಿಯನ್ನು ಯಾರು ಕೇಳುತ್ತಾರೆ? ಹೀಗೆ ಲೆಕ್ಕ ಹಾಕಿ ಎರಡು ಬಕೆಟ್ ಹಿಡಿದು ಹನ್ನೆರಡರ ಬಸ್ಸಿಗೆ ಹೋದೆ. ಗಿರಣಿ ಬಂದಾಗಿತ್ತು. ಬಾವಿಯಿಂದ ಎರಡು ಬಕೆಟ್ ಸೇದಿ ಹಿತ್ತಿಲಿಗೆ ತಂದೆ.

ಕಟ್ಟೆಯ ಪಕ್ಕದಲ್ಲಿ ಸಾತವ್ವ ಕುಳಿತಿದ್ದಳು. ಮಗನಿಗೆ ರೊಟ್ಟಿ ಒಯ್ಯಲು ಊರಿಗೆ ಬಂದವಳು. ಬಕೆಟ್ ನೋಡಿದ್ದೇ ಎದ್ದು ಮುಚ್ಚಳದ ಮೇಲೆ ಎರಡೂ ಕೈ ಊರಿ ನಿಂತಳು.

"ಬ್ಯಾಡೋ ತಮ್ಮಾ. ನಿನ್ನ ಕಾಲ ಬೀಳತೇನಿ. ಇದಕ್ಕ ಮತ್ತ ನೀರ ಹಾಕಬ್ಯಾಡ."

"ನಾ ಹಾಕಿದ್ರ ಏನೂ ಆಗೂದಿಲ್ಲಬೇ."

"ನೀ ಆವತ್ತ ಹೇಳಿದಿ. ನಾ ಕೇಳಲಿಲ್ಲ." ದನಿ ಇಳಿಯಿತು. ಸುತ್ತ ಯಾರೂ ಇರಲಿಲ್ಲ, ಆದರೂ ಹತ್ತಿರ ಬಂದು ಹೇಳಿದಳು. "ಯಾರಿಗೂ ಹೇಳಿಲ್ಲ. ಮೋಟರ ಹಿಡಿಯೂ ಮುಂಚಿನ ದಿನ, ಬಿಸಲ ಭಾಳ ಇತ್ತು, ಪಾಪ ಅನಿಸ್ತು. ಒಂದ ತಂಬಗಿ ಹಾಕಿದ್ನಿ. ಒಳಗಲ್ಲ, ಕೀಲಿ ಮ್ಯಾಲ. ಒಂದ ತಂಬಗಿ. ಮರುದಿನಾನ ನನ್ನ ಮಗನ್ನ ಹಿಡೀತು."

ಒಂದು ತಂಬಿಗೆ. ಸಿಮೆಂಟಿನ ಮೇಲೆ. ಬಿದ್ದ ಕ್ಷಣದಲ್ಲೇ ಆರಿರುತ್ತದೆ.

ಹೇಳಬೇಕಿತ್ತು. ಬಾಯಿ ತೆರೆದೆ, ಬಸ್ಸಿಗೆ ಹೊತ್ತಾಯಿತು ಎಂದೆ. ಎರಡು ಬಕೆಟ್ ನೀರನ್ನು ರಸ್ತೆ ಬದಿಯ ಬೇವಿನ ಗಿಡಕ್ಕೆ ಹಾಕಿ ಬಂದೆ.

೨೯ ಏಪ್ರಿಲ್, ಸೋಮವಾರ

ಇನ್ಸ್‌ಪೆಕ್ಟರ್ ಸಾಹೇಬರು ಮೈಸೂರಿನ ಕಡೆಯವರು. ತೆಳ್ಳಗೆ, ಕನ್ನಡಕ, ಯಾರ ಮನೆಯ ಚಹಾವನ್ನೂ ಕುಡಿಯಲಿಲ್ಲ. ಗಿರಣಿಯ ಮುಂದೆ ಅರ್ಧ ಊರು ಸೇರಿತ್ತು. ಸಾತವ್ವ ಗೋಡೆಗೆ ಒರಗಿ ಕುಳಿತಿದ್ದಳು. ಸಂಗಣ್ಣನವರು ನನ್ನ ಪಕ್ಕದಲ್ಲಿ ನಿಂತು, "ಕಾಗದ ತಂದೀ?" ಎಂದರು. ತಂದಿದ್ದೆ. ಸಹಿ ಇರಲಿಲ್ಲ.

ಸಾಹೇಬರು ಮೋಟರು ನೋಡಿದರು, ಇಲಿ ತಿಂದದ್ದು ನೋಡಿದರು, ಫ್ಯೂಜು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅಮಸಿದ್ದ ಸಾವಕಾರರು ಹೆಂಗಸರ ನೀರಿನ ಕಥೆ ಶುರು ಮಾಡಿದರು. ಕಥೆ ಊರಲ್ಲಿ ಆಗಲೇ ಹರಡಿತ್ತು. "ಯಾರು ಆ ಹೆಂಗಸು?" ಎಂದು ಸಾಹೇಬರು ಕೇಳಿದರು. ಸಾತವ್ವ ತಾನೇ ಎದ್ದಳು. "ನಾನ್ರಿ" ಎಂದಳು. "ನಾನ ಹಾಕಿದ್ನಿ. ಒಂದ ತಂಬಗಿ."

ನನ್ನ ಕಾಲು ಮುಂದೆ ಹೋದದ್ದು ಗೊತ್ತು. ಕೀಲಿಕೈ ಸಾಹೇಬರ ಕೈಯಲ್ಲಿಟ್ಟೆ. ನೀರು ಹಾಕಿದ್ದಕ್ಕೆ ಆದದ್ದಲ್ಲ, ಹಾಕದೆ ಇದ್ದದ್ದಕ್ಕೆ ಆದದ್ದು ಎಂದೆ. ಫೆಬ್ರವರಿ ಹದಿನಾಲ್ಕರಿಂದ ಈ ಮುಚ್ಚಳ ತೆರೆದಿಲ್ಲ, ಕೀಲಿ ಹಾಕಿದವನು ನಾನು, ಕೀಲಿಕೈ ಸಿಂದಗಿಯಲ್ಲಿ ನನ್ನ ಅಂಗಿಯ ಜೇಬಿನಲ್ಲಿತ್ತು, ಈ ತಾಯಿಗೆ ನೀರು ಹಾಕಿದರೆ ಜನ ಸಾಯುತ್ತಾರೆ ಎಂದು ಸುಳ್ಳು ಹೇಳಿ ಬಿಡಿಸಿದವನೂ ನಾನೇ ಎಂದೆ. ಇನ್ನೂ ಏನೇನೋ ಹೇಳಿದೆ, ನೆನಪಿಲ್ಲ. ಸಂಗಣ್ಣನವರು ತಲೆ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಸಾಹೇಬರು ಕೀಲಿ ತೆಗೆಸಿ ತಮ್ಮ ಪೆಟ್ಟಿಗೆ ತರಿಸಿದರು. ಭೂಮಿ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಹಿಡಿಕೆ ತಿರುಗಿಸಿ ಅಳೆಯುವ ಯಂತ್ರ. ತಿರುಗಿಸಿದರು. ಮುಳ್ಳು ಎಪ್ಪತ್ತು ಓಮ್ ದಾಟಿ ನಿಂತಿತು. ಹತ್ತರೊಳಗೆ ಇರಬೇಕಾದದ್ದು.

"ಈಗ ನೀರು ಹಾಕಿ" ಎಂದರು. ಯಾರೂ ಮುಂದೆ ಬರಲಿಲ್ಲ. ನಾನು ಕೊಡಕ್ಕೆ ಕೈ ಹಾಕಿದೆ. ಸಾಹೇಬರು, "ನೀನಲ್ಲ" ಎಂದರು. ಸಾತವ್ವನ ಕಡೆ ತಿರುಗಿದರು. "ತಾಯಿ, ನೀವು ಹಾಕಿ. ನಿಮ್ಮ ಕೈಯಿಂದಲೇ ಹಾಕಿ. ಏನೂ ಆಗುವುದಿಲ್ಲ, ಕರೆಂಟು ಆರಿಸಿದ್ದೇನೆ."

ಮೊದಲನೆಯ ಕೊಡವನ್ನು ಸಾತವ್ವ ದೂರದಿಂದಲೇ ಬಗ್ಗಿಸಿದಳು, ಅರ್ಧ ಹೊರಗೆ ಚೆಲ್ಲಿತು. ಎರಡನೆಯದು ಪೂರ್ತಿ ಒಳಗೆ ಹೋಯಿತು. ಎಂಟು ಕೊಡ ಹಾಕಿದಳು. ಭೂಮಿ ಕುಡಿಯುವ ಸದ್ದು ಎಲ್ಲರಿಗೂ ಕೇಳಿಸಿತು. ಒಂದು ತಾಸು ಕುಳಿತೆವು. ಯಾರೂ ಮನೆಗೆ ಹೋಗಲಿಲ್ಲ. ಸಾಹೇಬರು ಮತ್ತೆ ಹಿಡಿಕೆ ತಿರುಗಿಸಿ ಸಾತವ್ವನನ್ನು ಹತ್ತಿರ ಕರೆದು ಮುಳ್ಳು ತೋರಿಸಿದರು. ಎಂಟಕ್ಕೆ ಇಳಿದಿತ್ತು.

"ಹೀಗೆ ಇದ್ದಿದ್ದರೆ ಫ್ಯೂಜು ಸುಡುತ್ತಿತ್ತು. ನಿಮ್ಮ ಮಗ ಬೈದುಕೊಂಡು ಇವನಿಗೆ ಹೇಳಿ ಕಳಿಸುತ್ತಿದ್ದ, ಅಷ್ಟೇ" ಎಂದರು.

ಆಕೆ ಮುಳ್ಳು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಹೊಡೆದರೂ ಸಹಿಸುತ್ತಿದ್ದೆ.

"ಅವತ್ತ ಖರೇ ಹೇಳಿದ್ದರ, ದಿನಾ ನಾಕ ಕೊಡ ಹಾಕತಿದ್ನೆಲ್ಲೋ ತಮ್ಮಾ."

ಕೊಡ ಕೆಳಗಿಟ್ಟು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ದವಾಖಾನೆಯಲ್ಲಿ ಮಗನಿಗೆ ಇದನ್ನು ಹೇಳಬೇಕಿತ್ತು.

ಸಾಹೇಬರು ಸಂಗಣ್ಣನವರಿಗೆ ಲಿಖಿತ ತಾಕೀತು ಕೊಟ್ಟರು. ಲೈಸೆನ್ಸ್ ಉಳಿಯಿತು. ನನ್ನ ಹೆಸರನ್ನು ಈ ವರ್ಷದ ಪರೀಕ್ಷೆಯಿಂದ ಹೊಡೆದು ಹಾಕಿದರು. ಮುಂದಿನ ವರ್ಷ ಅರ್ಜಿ ಹಾಕಬಹುದಂತೆ. ಬಸ್ಸಿನಲ್ಲಿ ಸಂಗಣ್ಣನವರು ಬೇರೆ ಸೀಟಿನಲ್ಲಿ ಕುಳಿತರು.

೧೯ ಮೇ, ಭಾನುವಾರ

ಇವತ್ತು ಬಿಜಾಪುರದಲ್ಲಿ ಪರೀಕ್ಷೆ. ಅಪ್ಪನ ಜೊತೆ ನಿಡಗುಂದಿಯ ಮದುವೆಗೆ ಬತ್ತಿ ತಂದಿದ್ದೇನೆ. ಹದಿನಾಲ್ಕಕ್ಕೂ ಪಿನ್ನು ಹಾಕಿ ನೋಡಿದೆ. ಬಾಡಿಗೆಗೆ ಹೋಗುವುದು ಒಂಬತ್ತೇ.

೬ ಜೂನ್, ಗುರುವಾರ. ಆಲಮೇಲ

ನಿನ್ನೆ ಮೊದಲ ಮಳೆ ಆಯಿತು. ಇವತ್ತು ಗಿರಣಿ ಮತ್ತೆ ಶುರು ಮಾಡಬೇಕೆಂದು ಸಾವಕಾರರು ಕರೆ ಕಳಿಸಿದ್ದರು. ಸಂಗಣ್ಣನವರು ತಿಂಗಳ ಮೇಲೆ ಮೊದಲ ಸಲ ನನ್ನ ಮನೆಯ ಬಾಗಿಲಿಗೆ ಬಂದು, "ಏಣಿ ತಗೋ" ಎಂದರು. ತೆಗೆದುಕೊಂಡೆ.

ತಗಡಿನ ಮುಚ್ಚಳ ಕಿತ್ತು ಹಾಕಿದೆ. ಕೀಲಿಯನ್ನು ಬಾವಿಗೆ ಎಸೆಯಬೇಕೆಂದಿದ್ದೆ. ಸಾತವ್ವ ಕೈ ಚಾಚಿ ಇಸಿದುಕೊಂಡು, ಜೋಳದ ಕಣಜಕ್ಕೆ ಆಗುತ್ತದೆ ಎಂದು ಸೆರಗಿಗೆ ಕಟ್ಟಿಕೊಂಡಳು. ಪೈಪಿನ ಬಾಯಿಗೆ ನಾಲ್ಕು ಕೊಡ ಹಾಕಿದಳು. ಮಳೆಗಾಲದಲ್ಲಿ ಇಷ್ಟು ಬೇಡ, ಚಳಿಗಾಲ ಕಳೆದ ಮೇಲೆ ಹೆಚ್ಚು ಬೇಕು, ಯಾಕೆಂದರೆ ಹೀಗೆ ಹೀಗೆ ಎಂದು ಎಲ್ಲ ಬಿಡಿಸಿ ಹೇಳಿದೆ. ಎರಡು ಸಲ ಕೇಳಿದಳು, ಎರಡು ಸಲವೂ ಹೇಳಿದೆ. ಬುಟ್ಟಿ ಹೊತ್ತು ಬಂದ ಹೆಂಗಸರಿಗೆ ಆಕೆ ಅದನ್ನು ನನಗಿಂತ ಚೆನ್ನಾಗಿ ತಿಳಿಸಿ ಹೇಳಿದಳು. ಕುಂಕುಮವನ್ನೂ ಹಚ್ಚಿದಳು. ನಾನು ಬೇಡ ಅನ್ನಲಿಲ್ಲ.

ಸೋಮನಿಂಗ ಬಂದಿದ್ದ. ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ. ಹೆಂಗಸರೂ ಬುಟ್ಟಿ ಇಳಿಸದೆ ನಿಂತರು. ತಂತಿ ಹೊಸದು, ಇಲಿ ಹೋಗದಂತೆ ಡಬ್ಬಿಗೆ ಜಾಳಿಗೆ ಹಾಕಿದ್ದೇನೆ, ದೀಪ ಹಚ್ಚಿ ಪರೀಕ್ಷೆ ಮಾಡಿದ್ದೇನೆ ಎಂದು ಹೇಳಿದೆ. ಯಾರೂ ಅಲ್ಲಾಡಲಿಲ್ಲ. ನನ್ನ ಮಾತನ್ನು ಅವರು ಒಮ್ಮೆ ನಂಬಿ ಆಗಿತ್ತು.

"ನೀ ಮುಟ್ಟು" ಎಂದಳು ಸಾತವ್ವ.

ಚಪ್ಪಲಿ ಬಿಟ್ಟೆ. ನೆಲ ತಣ್ಣಗಿತ್ತು, ಮಳೆಯ ಹಸಿ ಆರಿರಲಿಲ್ಲ. ಸಂಗಣ್ಣನವರು ನನ್ನ ಕಡೆ ನೋಡಿ ಸ್ವಿಚ್ಚು ಹಾಕಿದರು. ಮೋಟರು ಎದ್ದಿತು, ಕಲ್ಲು ತಿರುಗತೊಡಗಿತು. ಬಲಗೈ ಚಾಚಿ, ಸೋಮನಿಂಗ ಕೈ ಊರಿದ ಜಾಗದಲ್ಲೇ ಅಂಗೈ ಇಟ್ಟೆ. ಕಬ್ಬಿಣ ನಡುಗುತ್ತಿತ್ತು.

ಒಬ್ಬಳು ಬುಟ್ಟಿ ಇಳಿಸಿದಳು. ಇನ್ನೊಬ್ಬಳು ಇಳಿಸಿದಳು. ಸೋಮನಿಂಗ ಒಳಗೆ ಬಂದು ಎಡಗೈಯಿಂದ ಜೋಳ ಸುರಿದ. ಸಾತವ್ವ ಸೊಂಟದ ಮೇಲೆ ಕೊಡ ಇಟ್ಟುಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದಳು. ತೆಗೆ ಎಂದು ಆಕೆ ಹೇಳುವತನಕ ನಾನು ಕೈ ತೆಗೆಯಲಿಲ್ಲ.